ಬೆಳ್ಳುಳ್ಳಿ ವಾಸನೆ ತಡೆಯದ ಹಿರಿಯರು

೧೨ ನವೆಂಬರ್ ೨೦೨೩, ಭಾನುವಾರ, ರಾಕ್‌ವಿಲ್

ನಮ್ಮ ಚರ್ಚಿನ ಹಿರಿಯರನ್ನು ನೆನೆದರೆ ಹೇಸಿಗೆಯಾಗುತ್ತದೆ. ನೆಲಮಾಳಿಗೆಯಲ್ಲಿ ಆರಾಧನೆ ನಡೆಸುವ ಚೀನೀ ಸಭೆಯವರು ಇನ್ನು ಅಲ್ಲಿ ಅಡುಗೆ ಮಾಡಬಾರದಂತೆ. ಬೆಳ್ಳುಳ್ಳಿ ವಾಸನೆ ಮೇಲಕ್ಕೆ ಬರುತ್ತದೆ ಎಂದು ಹಿರಿಯರ ಮುಖಂಡ ಹೆರಾಲ್ಡ್‌ನ ದೂರು. ಮೇಲೆ ಮೂಸುವುದಕ್ಕಾದರೂ ಯಾರಿದ್ದಾರೆ? ಮುಕ್ಕಾಲು ಬೆಂಚು ಖಾಲಿ. ಕೆಳಗೆ ಜಾಗ ಸಾಲದೆ ಜನ ಮೆಟ್ಟಿಲ ಮೇಲೆ ನಿಂತು ಹಾಡುತ್ತಾರೆ. ಚೀನಾದ ತಮ್ಮ ಊರಿನಲ್ಲಿ ಪೊಲೀಸರಿಗೆ ಹೆದರಿ ಪಿಸುದನಿಯಲ್ಲಿ ಹಾಡಿದವರು!

ಅವರ ಸಭಾಪಾಲಕಿ ಲಿಯಾಂಗ್ ಜಗಳವಾಡಲಿಲ್ಲ. "ಸ್ಕೂಲ್ ಹಾಲ್ ಸಿಕ್ಕಿದೆ, ಮುಂದಿನ ವಾರದಿಂದ ಅಲ್ಲೇ ಸೇರ್ತೀವಿ" ಎಂದರು. ಅಂಗಲಾಚುತ್ತಾರೆಂದು ಕಾದಿದ್ದ ಹಿರಿಯರು ಮುಖ ಮುಖ ನೋಡಿಕೊಂಡರು.

ಕಾರಿನಲ್ಲಿ ನನ್ನ ಗಂಡ, "ನಿಂಗ್ಯಾಕೆ ಟೆನ್ಶನ್? ಅವ್ರೇನು ನಮ್ಮೋರಾ?" ಅಂದ.

ಮೇಲಿನವರು ನಮ್ಮವರೇ? ನಾವು ಈ ದೇಶಕ್ಕೆ, ಈ ಚರ್ಚಿಗೆ ಬಂದು ಇಷ್ಟು ವರ್ಷವಾದರೂ ಹೆರಾಲ್ಡ್‌ಗೆ ನನ್ನ ಹೆಸರು ಬಾರದು.

ಮುಂದಿನ ಭಾನುವಾರ ನಾನು ಆ ಸ್ಕೂಲಿಗೇ ಹೋಗುತ್ತೇನೆ. ಮ್ಯಾಂಡರಿನ್ ಒಂದಕ್ಷರ ತಿಳಿಯದು. ತಿಳಿಯದಿದ್ದರೇನು, ಹೆರಾಲ್ಡ್‌ನ ಪ್ರಾರ್ಥನೆ ಪೂರ್ತಿ ತಿಳಿದು ನನಗೆ ಆದದ್ದಾದರೂ ಏನು?