ದಂಡೆಯ ಮೇಲೆ ನಿಂತವಳು

ಹೊಸಪೇಟೆ,
ಗುರುವಾರ, ಫೆಬ್ರವರಿ ೧೮, ೧೯೩೭

ಚಿರಂಜೀವಿ ದೋರ್ಕಮ್ಮಳಿಗೆ ಅಪ್ಪನ ಆಶೀರ್ವಾದ.

ನಿನ್ನ ಕಾಗದ ಕೈಸೇರಿ ಬಹಳ ದಿನವಾಯಿತು. ಉತ್ತರ ತಡವಾದದ್ದಕ್ಕೆ ಶಾಲೆಗೆ ಇನ್ಸ್‌ಪೆಕ್ಟರು ಬಂದಿದ್ದರು ಎಂದು ಒಂದು ನೆಪ ಹೇಳಬಹುದು, ಚರ್ಚಿನ ಗೋಡೆ ಕೆಲಸ ಎಂದು ಇನ್ನೊಂದು ಹೇಳಬಹುದು. ಎರಡೂ ಸುಳ್ಳಲ್ಲ. ಆದರೆ ಕಾಗದದ ಕೊನೆಗೆ ನೀನು ಕೇಳಿದ ಮಾತಿಗೆ ಏನು ಬರೆಯಬೇಕೆಂದು ನನಗೆ ತೋಚಲಿಲ್ಲ, ಅದೇ ನಿಜವಾದ ಕಾರಣ. ಅವ್ವ ಯಾವಾಗ ನೀರಿನಲ್ಲಿ ಮುಳುಗಿ ದೀಕ್ಷಾಸ್ನಾನ ತೆಗೆದುಕೊಂಡು ಕ್ರೈಸ್ತಳಾಗುತ್ತಾಳೆ, ಇಲ್ಲಿ ನೆಲ್ಲೂರಿನ ಆಸ್ಪತ್ರೆಯಲ್ಲಿ ಜೊತೆಯ ನರ್ಸು ಹುಡುಗಿಯರು ಕೇಳಿದರೆ ನಾಚಿಕೆಯಾಗುತ್ತದೆ, ಎಂದು ಬರೆದಿದ್ದೀಯಲ್ಲ. ನಿಮ್ಮವ್ವನಿಗೆ ಓದು ಬಾರದು, ಕಾಗದ ಬಂದರೆ ನಾನೇ ಓದಿ ಹೇಳಬೇಕು. ಆ ಸಾಲು ಬಂದಾಗ ಹಾರಿಸಿ, ಎಲ್ಲರಿಗೂ ವಂದನೆ ಎಂದು ಮುಗಿಸಿಬಿಟ್ಟೆ. ಆಕೆ ಬೇಳೆಯಲ್ಲಿ ಕಲ್ಲು ಆರಿಸುತ್ತ ಕುಳಿತಿದ್ದಳು. ತಲೆ ಎತ್ತದೆಯೇ, "ನಡುವಿಂದು ನುಂಗಿದ್ರಿ. ಮುಳುಗೋದರ ಸುದ್ದಿ ಕೇಳ್ಯಾಳ, ಹೌದಿಲ್ಲೋ?" ಎಂದಳು. ಇಷ್ಟು ವರ್ಷ ಮಕ್ಕಳ ಕಳ್ಳತನ ಹಿಡಿದ ಮಾಸ್ತರನಾದ ನಾನು ಅಂದು ಸಿಕ್ಕಿಬಿದ್ದೆ.

ಮೊದಲು ಊರ ಸುದ್ದಿ ಹೇಳುತ್ತೇನೆ. ನೀನು ಹೋದಮೇಲೆ ನಮ್ಮ ಚರ್ಚಿನ ಸಭೆ ಗುರುತು ಸಿಗದಷ್ಟು ಬೆಳೆದಿದೆ. ಕಂಪ್ಲಿಯವರೂ ಎಮ್ಮಿಗನೂರಿನವರೂ ಶನಿವಾರವೇ ಬಂಡಿ ಕಟ್ಟಿಕೊಂಡು ಬಂದು ಶಾಲೆಯ ಪಡಸಾಲೆಯಲ್ಲಿ ಮಲಗುತ್ತಾರೆ. ಸಂಡೂರಿನ ಒಂದು ಕುಟುಂಬ ಗುಡ್ಡ ಇಳಿದು ನಡೆದೇ ಬರುತ್ತದೆ. ಆರಾಧನೆಗೆ ಕೂರಲು ಜಾಗ ಸಾಲದೆ ಚರ್ಚಿನ ಹಿಂದಿನ ಗೋಡೆ ಕೆಡವಿ ಆಚೆಗೆ ಸರಿಸಿದ್ದೇವೆ. ಚಪ್ಪಡಿ ಕಲ್ಲು ಏರಿಸುವಾಗ ಗಂಡಸರು ಒಂದು ಕಲ್ಲಿಗೆ ಮೂರು ಬಗೆಯ ಬುದ್ಧಿ ಹೇಳಿದರು. ಹೆಂಗಸರು ಬಂದು ಹಗ್ಗ ಹಿಡಿದ ಮೇಲೆ ಕಲ್ಲು ಮೇಲೇರಿತು.

ಹೊಸ ಪಾಸ್ಟರು ದೇವದಾನಂ ಅಯ್ಯನವರು ಕರ್ನೂಲು ಕಡೆಯವರು. ಒಳ್ಳೆಯ ಮನುಷ್ಯ. ಅವರ ಕನ್ನಡ ಅರ್ಧ ದಾರಿಗೆ ಬಂದು ತೆಲುಗಿನ ಕಡೆ ತಿರುಗುತ್ತದೆ, ಆದರೂ ಜನಕ್ಕೆ ತಿಳಿಯುತ್ತದೆ. ಬಂದ ದಿನವೇ ನನ್ನನ್ನು, "ಮಾಸ್ಟರುಗಾರು, ವಿರುಪಾಕ್ಷಪ್ಪ ಅನ್ನೋ ಹೆಸರು ಇನ್ನೂ ಯಾಕೆ?" ಎಂದು ಕೇಳಿದರು. "ನಮ್ಮಪ್ಪ ಇಟ್ಟಿದ್ದು ರೀ. ನಾ ಮುಳುಗಿದಾಗ ಅದೂ ನನ್ನ ಕೂಡ ಮುಳುಗೇತಿ" ಎಂದೆ. ಅವರು ನಕ್ಕರು. ಅಂದಿನಿಂದ ನಮಗಿಬ್ಬರಿಗೂ ಚೆನ್ನಾಗಿ ಹೊಂದಿಕೊಂಡಿದೆ.

ಈಗ ನಮ್ಮ ಮನೆಯ ವಿಷಯ. ಮಹಿಳಾ ಸಂಘದ ಹಿರಿಯಳಾಗಿದ್ದ ಭೀಮಮ್ಮನಿಗೆ ಕಣ್ಣು ಕಾಣದಾಗಿದೆ. ಮಗನ ಮನೆಗೆ ಮರಿಯಮ್ಮನಹಳ್ಳಿಗೆ ಹೋಗಿಬಿಟ್ಟಳು. ಮನೆಮನೆಯಿಂದ ಹಿಡಿ ಅಕ್ಕಿ ಕೂಡಿಸುವುದು, ಬಾಣಂತಿಯರ ಮನೆಗೆ ಹೋಗಿ ನೋಡುವುದು, ಜಗಳ ಬಿಡಿಸುವುದು, ಇದಕ್ಕೆಲ್ಲ ಒಬ್ಬರು ಬೇಕಲ್ಲ. ಕಳೆದ ಭಾನುವಾರ ಆರಾಧನೆ ಮುಗಿದ ಮೇಲೆ ಅಯ್ಯನವರು ಸಭೆಯನ್ನು ಕೂರಿಸಿ, ಯಾರನ್ನು ಆರಿಸುತ್ತೀರಿ ಎಂದು ಕೇಳಿದರು. ನಿಮ್ಮವ್ವನ ಗೆಳತಿ ಹೊಳೆಮ್ಮ ಕೂತಲ್ಲಿಂದಲೇ, "ಕೇಳೋದೇನೈತ್ರಿ ಅದರಾಗ? ನಮ್ಮ ತಾಯಕ್ಕನ್ನ ಬಿಟ್ರ ಯಾರದಾರ?" ಎಂದು ನಿಮ್ಮವ್ವನ ಹೆಸರು ಹೇಳಿದಳು. "ಒಪ್ಪಿಗೆ ಇದ್ದವರು ಕೈ ಎತ್ತಂಡಿ" ಎಂದರು ಅಯ್ಯನವರು. ಇಡೀ ಸಭೆ ಕೈ ಎತ್ತಿತು. ಒಬ್ಬರಿಗೂ ಅನುಮಾನ ಬರಲಿಲ್ಲ. ನಗಬೇಡ ಮಗಳೇ, ಎಲ್ಲ ಗೊತ್ತಿದ್ದ ನಾನೂ ಆ ಗಳಿಗೆಯಲ್ಲಿ ಮರೆತು ಎತ್ತಿದೆ.

ನಿಮ್ಮವ್ವ ಎಂದಿನಂತೆ ಹೊರಗೆ, ಬಂಡಿಯಲ್ಲಿ ಬಂದವರಿಗಾಗಿ ಸಾರು ಕುದಿಸುತ್ತಿದ್ದಳು. ಗದ್ದಲ ಕೇಳಿ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದಳು. "ಯಾಕ್ರವ್ವಾ, ಎಲ್ಲಾರೂ ಕೈ ಎತ್ತೀರಿ?" ಎಂದಳು. "ನಿನಗಾಗಿನ ಎತ್ತೀವಿ, ಬಾ ಒಳಗ" ಎಂದಳು ಹೊಳೆಮ್ಮ. ವಿಷಯವನ್ನೂ ಅವಳೇ ತಿಳಿಸಿದಳು. ನಿಮ್ಮವ್ವ ಮೆಲ್ಲಗೆ, "ನಾ ಎಲ್ಲಿ ಮುಳುಗೀನ್ರವ್ವಾ? ನಾ ದಂಡಿ ಮ್ಯಾಲ ನಿಂತಾಕಿ" ಎಂದಳು.

ಅಯ್ಯನವರು ನನ್ನ ಮುಖ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ.

ಇಂಥ ತಪ್ಪು ಹೇಗಾಯಿತೆಂದು ನೀನು ಕೇಳಬಹುದು. ನನಗೇನೂ ಆಶ್ಚರ್ಯವಿಲ್ಲ. ಬಸವಣ್ಣ ಕಾಲುವೆಯಲ್ಲಿ ದೀಕ್ಷಾಸ್ನಾನ ಆದಾಗಲೆಲ್ಲ ದಂಡೆಯ ಮೇಲೆ ಒಣ ಸೀರೆ ಬಿಡಿಸಿ ಹಿಡಿದು ನಿಲ್ಲುವವಳು ಅವಳೇ ಅಲ್ಲವೇ? ಕಣ್ಣು ಮೂಗಿಗೆ ನೀರು ತುಂಬಿ, ಚಳಿಗೆ ನಡುಗುತ್ತ ಎದ್ದು ಬಂದವರು ಮೊದಲು ನೋಡುವುದು ತಾಯಕ್ಕನ ಮುಖ. ಸುತ್ತಿ ಅಪ್ಪಿಕೊಂಡು, ತಲೆ ಒರೆಸಿ, ಶುಂಠಿ ಕಷಾಯ ಕುಡಿಸುವವಳೂ ಅವಳೇ. ನೀನು ನೀರಿನಿಂದ ಬಂದಾಗಲೂ ಹಾಗೇ ಮಾಡಿದಳು. ಹೀಗಿರುವಾಗ ಆಕೆ ನೀರಿಗಿಳಿದಿಲ್ಲ ಎಂದು ಯಾರಿಗೆ ನೆನಪಿರುತ್ತದೆ? ಮುಳುಗಿದವರು ಮಾತ್ರ ಹಂಚಿಕೊಂಡು ತಿನ್ನುವ ಕರ್ತನ ಭೋಜನದ ರೊಟ್ಟಿ ಸುಡುವವಳೂ ಅವಳೇ. ಸುಟ್ಟು, ಬಿಳಿ ಬಟ್ಟೆ ಮುಚ್ಚಿ, ಮೇಜಿನ ಮೇಲಿಟ್ಟು ಹೊಸ್ತಿಲಿಗೆ ಹೋಗಿ ಕೂರುತ್ತಾಳೆ. ತಾನು ಮಾಡಿದ ರೊಟ್ಟಿಯ ತುಣುಕನ್ನು ಇವತ್ತಿಗೂ ಬಾಯಿಗೆ ಹಾಕಿದವಳಲ್ಲ. ಅದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ, ಇದನ್ನು ನಿನಗಲ್ಲದೆ ಬೇರೆ ಯಾರಿಗೂ ಹೇಳಿಲ್ಲ.

ಹೊಳೆಮ್ಮ ಸುಮ್ಮನಿರುವವಳಲ್ಲ. "ಅದಕ್ಕೇನ್ರಿ, ಬರೋ ಐತವಾರ ಮುಳುಗಿಸಿಬಿಟ್ರ ಆತು" ಎಂದಳು. ಎಲ್ಲರೂ ನಕ್ಕು ಹಗುರಾದರು. ಅಯ್ಯನವರು ಮಾತ್ರ ನಗಲಿಲ್ಲ. "ಕೈ ಎತ್ತಿ ಯಾರನ್ನೂ ಮುಳುಗಿಸೋಕೆ ಆಗಲ್ಲಮ್ಮಾ. ನಾವು ಕೂಸುಗಳಿಗೆ ದೀಕ್ಷಾಸ್ನಾನ ಕೊಡೋದಿಲ್ಲ, ಗಂಡ ಹೇಳಿದ ಅಂತ ಹೆಂಡತಿಗೂ ಕೊಡೋದಿಲ್ಲ. ಅಕ್ಕಯ್ಯ ತಾವೇ ಬಾಯಿಬಿಟ್ಟು ಕೇಳಬೇಕು" ಎಂದರು. ಅದು ನಮ್ಮ ಪದ್ಧತಿ, ನಿನಗೆ ಗೊತ್ತಿದ್ದದ್ದೇ. ಆಕೆ ಕೇಳುವವರೆಗೆ ಹಿರಿಯಳ ಜಾಗ ಖಾಲಿ ಇರಲಿ, ಬೇರೆಯವರನ್ನು ಆರಿಸುವುದು ಬೇಡ ಎಂದು ಸಭೆ ತೀರ್ಮಾನಿಸಿತು. ಕಾಲುವೆಯ ನೀರು ನಿಲ್ಲಿಸುವುದರೊಳಗೆ ಕೇಳಿದರೆ ಒಳ್ಳೆಯದು ಎಂದೂ ಎಲ್ಲರ ಆಸೆ.

ಈ ವಾರವೆಲ್ಲ ನಮ್ಮ ಮನೆ ಸಂತೆಯಾಗಿದೆ. ಬಂದವರಿಗೆಲ್ಲ ನಿಮ್ಮವ್ವ ಚಹಾ ಕೊಡುತ್ತಾಳೆ, ಅವರವರ ಮೊಮ್ಮಕ್ಕಳ ಸುದ್ದಿ ಕೇಳುತ್ತಾಳೆ, ಆ ಮಾತು ಬಂದರೆ ಏನಾದರೂ ಕೆಲಸ ಹುಡುಕಿಕೊಂಡು ಎದ್ದು ಹೋಗುತ್ತಾಳೆ. ಮಂಗಳವಾರ ಹೊಳೆಮ್ಮ ಹೊಸ ಬಿಳಿ ಸೀರೆಯನ್ನೇ ತಂದು ಮುಂದಿಟ್ಟಳು. "ನನಗ ಬ್ಯಾಡ ಬಿಡವ್ವಾ" ಎಂದು ನಿಮ್ಮವ್ವ ಅದನ್ನು ಮಡಿಚಿ ವಾಪಸು ಕೊಟ್ಟಳು. ಹೊಳೆಮ್ಮನಿಗೆ ಅಳು ಬಂತು. "ನನ್ನ ನಾಕು ಬಾಣಂತನ ಮಾಡಿದಾಕಿ ನೀನು. ನೀ ಹೊಸ್ತಿಲದಾಗ ಕುಂತ್ರ ನಾ ಒಳಗ ಹೆಂಗ ರೊಟ್ಟಿ ಮುರಿಲಿ? ಈ ಸಲ ನಾನೂ ತಿನ್ನಂಗಿಲ್ಲ" ಎಂದಳು. "ಹಂಗ ಅನಬ್ಯಾಡ, ನಿನ್ನ ಪಾಲು ನಿನಗ" ಎಂದು ನಿಮ್ಮವ್ವ ಅವಳ ಬೆನ್ನು ಸವರಿದಳು. ಬೇಡ ಯಾಕೆ ಎಂಬುದನ್ನು ಮಾತ್ರ ಹೇಳಲಿಲ್ಲ.

ತವರಿನವರ ಅಂಜಿಕೆ ಇರಬಹುದೆಂದು ನಾನು ಇಷ್ಟು ವರ್ಷ ಅಂದುಕೊಂಡಿದ್ದೆ. ಅದೂ ಅಲ್ಲ. ಕಂಪ್ಲಿಯ ನಿನ್ನ ದೊಡ್ಡವ್ವ ಭರಮಮ್ಮ ನಮ್ಮನ್ನು ಎಂದೂ ದೂರ ಮಾಡಿದವಳಲ್ಲ. ವರ್ಷಕ್ಕೊಮ್ಮೆ ಸುಗ್ಗಿಯಲ್ಲಿ ನಿಮ್ಮವ್ವ ಒಬ್ಬಳೇ ಅಲ್ಲಿಗೆ ಹೋಗುತ್ತಾಳೆ, ಕಬ್ಬಿನ ಹೊರೆ ಹೊತ್ತುಕೊಂಡು ಬರುತ್ತಾಳೆ. ನಿನ್ನನ್ನು ಯಾಕೆ ಕರೆದೊಯ್ಯುವುದಿಲ್ಲ ಎಂದು ನೀನು ಚಿಕ್ಕವಳಿದ್ದಾಗ ಎಷ್ಟು ರಂಪ ಮಾಡುತ್ತಿದ್ದೆ.

ಮಗಳೇ, ಒಂದು ಮಾತು ಕೇಳು. ನಿಮ್ಮವ್ವನಿಗೆ ಇನ್ನು ಮುಂದೆ ಬಿರುಸಾಗಿ ಬರೆಯಬೇಡ. ಜೊತೆಯ ಹುಡುಗಿಯರು ಕೇಳಿದರೆ, ನಮ್ಮ ಸಭೆಯಲ್ಲಿ ಅವ್ವನ ಕೈಯ ಕಷಾಯ ಕುಡಿಯದವರು ಒಬ್ಬರೂ ಇಲ್ಲ ಎಂದು ಹೇಳು. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಆಕೆ ಸಭೆಯವಳಾಗಲಿ, ನಮ್ಮ ಪಕ್ಕದಲ್ಲಿ ಕೂತು ರೊಟ್ಟಿ ತಿನ್ನಲಿ ಎಂಬ ಆಸೆ ನನಗೆ ನಿನಗಿಂತ ಕಡಿಮೆ ಇಲ್ಲ. ಆದರೆ ಎಳೆದು ತರುವ ವಿಷಯ ಇದಲ್ಲ.

ರಾತ್ರಿ ಪಾಳಿ ಇದ್ದಾಗ ಹೊಟ್ಟೆಗೆ ಏನಾದರೂ ಹಾಕಿಕೊಂಡು ಹೋಗು. ಅಲ್ಲಿಯ ಖಾರ ಜಾಸ್ತಿ ಎಂದು ಬರೆದಿದ್ದೀಯ, ಮಜ್ಜಿಗೆ ಬಿಡಬೇಡ. ನಿನ್ನ ಕೈ ಮುಟ್ಟಿದ ರೋಗಿಗಳಿಗೆಲ್ಲ ಗುಣವಾಗಲಿ, ನಿನ್ನ ದಾರಿಯ ಮುಂದೆಯೂ ಹಿಂದೆಯೂ ದೇವರಿರಲಿ.

ನಿನ್ನ ಒಳಿತನ್ನೇ ಬೇಡುವ ಅಪ್ಪ,
ವಿರುಪಾಕ್ಷಪ್ಪ

ತಾ. ಕ.

ಶನಿವಾರ

ಕಾಗದ ಟಪಾಲಿಗೆ ಹಾಕದೆ ಇಟ್ಟುಕೊಂಡದ್ದು ಒಳ್ಳೆಯದಾಯಿತು. ನಿನ್ನೆ ಮಧ್ಯಾಹ್ನ ನಿಮ್ಮವ್ವ ತಾನಾಗಿಯೇ ಬಂದು ನನ್ನ ಎದುರಿಗೆ ಕೂತಳು. ಆ ಮಾತು ನಿನಗೂ ತಿಳಿಯಲಿ ಎಂದು ಅವಳ ಒಪ್ಪಿಗೆ ಕೇಳಿ ಬರೆಯುತ್ತಿದ್ದೇನೆ.

ನಿನಗಿಂತ ಮುಂಚೆ ನಿನಗೊಬ್ಬ ಅಣ್ಣ ಇದ್ದ. ನನ್ನ ಅಪ್ಪನ ಹೆಸರನ್ನೇ ಇಟ್ಟಿದ್ದೆವು, ಹಂಪಯ್ಯ ಎಂದು. ನಾವಾಗ ಕಂಪ್ಲಿಯಲ್ಲಿದ್ದೆವು, ಸಭೆಯ ಹೆಸರನ್ನೂ ಕೇಳಿರಲಿಲ್ಲ. ಗೋಡೆ ಹಿಡಿದು ನಿಲ್ಲುವುದನ್ನು ಆಗತಾನೇ ಕಲಿತಿದ್ದ. ವಾಂತಿಭೇದಿ ಬಂದು ಒಂದೇ ಹಗಲಿನಲ್ಲಿ ಹೋಗಿಬಿಟ್ಟ. ಭರಮಮ್ಮನವರ ಹೊಲದ ಅಂಚಿನಲ್ಲಿ, ಹೊಳೆಯ ಹತ್ತಿರದ ಹುಣಸೆ ಮರದ ಕೆಳಗೆ ಮಣ್ಣು ಮಾಡಿದೆವು. ಅವನ ಹೆಸರು ಎತ್ತಬೇಡಿ, ನನ್ನಿಂದ ತಡೆಯಲಾಗುವುದಿಲ್ಲ ಎಂದು ನಿಮ್ಮವ್ವ ಅಂದು ಕೇಳಿಕೊಂಡಳು. ಅದಕ್ಕೇ ನಿನಗೂ ಹೇಳಲಿಲ್ಲ. ಸುಗ್ಗಿಯಲ್ಲಿ ಆಕೆ ಕಂಪ್ಲಿಗೆ ಹೋಗುವುದು ಯಾರನ್ನು ನೋಡಲು ಎಂದು ಈಗ ನಿನಗೆ ತಿಳಿಯಿತಲ್ಲ.

ನಿನ್ನೆ ಆಕೆ ಹೇಳಿದ್ದು ಇಷ್ಟು: "ಮುಳುಗಿದವ್ರು ಎಲ್ಲಾರೂ ಸತ್ತ ಮ್ಯಾಲ ಒಂದು ಕಡಿ ಹೋಕ್ಕಾರ. ನನ್ನ ಕೂಸು ಮುಳುಗಿಲ್ಲ. ಅಪ್ಪ ಮಗಳು ನೀವಿಬ್ರೂ ಆ ಕಡಿ ಆದ್ರಿ. ನಾನೂ ಬಂದ್ರ ಈ ಕಡಿ ಅವಗ ಯಾರು ಅದಾರ್ರಿ? ಹೊಸಬರ ನಡುವ ಯಾರನ್ನ ಹುಡುಕ್ಯಾನ ಅವ?"

ನಾನು ಹೇಳಿದೆ: "ಕೂಸುಗಳಿಗೆ ನಾವು ನೀರು ಕೊಡಂಗಿಲ್ಲಲ್ಲ, ಯಾಕ ಅಂತ ತಿಳಕೊಂಡಿ? ಅವಕ್ಕ ಬೇಕಾಗಂಗಿಲ್ಲ. ಅವು ಮೊದಲಿಂದನೂ ದೇವರ ಮಡಿಲಾಗ ಇರ್ತಾವ. ನಮ್ಮ ಹಂಪಯ್ಯ ಎಂದೂ ಹೊರಗ ಇರಲೇ ಇಲ್ಲ." ವರ್ಷ ವರ್ಷವೂ ಭಾನುವಾರದ ಶಾಲೆಯಲ್ಲಿ ಮಕ್ಕಳಿಗೆ ನಾನು ಹೇಳಿಕೊಡುವ ಪಾಠ ಅದು. ಆ ಹೊತ್ತಿನಲ್ಲಿ ಆಕೆ ಹೊರಗೆ ಒಲೆಯ ಮುಂದೆ ಇರುತ್ತಿದ್ದಳು. ಅಯ್ಯನವರನ್ನೂ ಕರೆಸಿದೆ. ಅವರೂ ಅದನ್ನೇ ಹೇಳಿ, ಕನ್ನಡಕ ಒರೆಸಿಕೊಳ್ಳುತ್ತ ಕೂತರು.

ನಿಮ್ಮವ್ವ ಅಳುತ್ತಾಳೆ ಎಂದುಕೊಂಡೆ, ಅಳಲಿಲ್ಲ. ಸಂತೋಷಪಡುತ್ತಾಳೆ ಎಂದುಕೊಂಡೆ, ಅದೂ ಇಲ್ಲ. ಅಂಗೈ ನೋಡಿಕೊಳ್ಳುತ್ತ ಕೇಳಿದಳು:

"ಹಂಗಾದ್ರ ಇಷ್ಟು ವರ್ಷ ನಾ ಹೊಸ್ತಿಲದಾಗ ಕುಂತಿದ್ದಾಗ, ಅವ ಒಳಗ ಒಬ್ಬನ ಇದ್ದನೇನ್ರಿ?"

ಇವತ್ತು ಬೆಳಿಗ್ಗೆ ತಾನೇ ಹೊಳೆಮ್ಮನ ಮನೆಗೆ ಹೋಗಿ ಆ ಬಿಳಿ ಸೀರೆ ಕೇಳಿ ತಂದಿದ್ದಾಳೆ. ಕಾಲುವೆ ಬೇಡವಂತೆ, ಕಂಪ್ಲಿಯ ಹೊಳೆಯಲ್ಲಿ, ಆ ಹುಣಸೆ ಮರ ಕಾಣುವ ಕಡೆ ಆಗಬೇಕಂತೆ. ಅಯ್ಯನವರು ಒಪ್ಪಿದ್ದಾರೆ. ದಿನ ಗೊತ್ತುಮಾಡಿಲ್ಲ, ನಿನ್ನ ಉತ್ತರಕ್ಕೆ ಕಾಯುತ್ತಿದ್ದೇವೆ. ಆಸ್ಪತ್ರೆಯವರಲ್ಲಿ ರಜೆ ಕೇಳಿಕೊಂಡು ಬಾ. ನಿಮ್ಮವ್ವ ನೀರಿನಿಂದ ಎದ್ದು ಬರುವಾಗ ಒಣ ಸೀರೆ ಬಿಡಿಸಿ ಹಿಡಿದು ದಂಡೆಯ ಮೇಲೆ ನಿಲ್ಲಲು ಈಗ ಯಾರೂ ಇಲ್ಲ.