ಕಂಬದ ಹಿಂದಿನ ಕೈ

ಮಂಗಳವಾರ, 18 ನವೆಂಬರ್ 2025

ಆ ಕೈ ಬರೆಯಬಾರದಿತ್ತು. ತಲಕಾಡಿನ ಪುಟ್ಟಗೌರಮ್ಮ ತೀರಿಕೊಂಡ ಅಣ್ಣನ ಒಂದೇ ಒಂದು ಫೋಟೊ ತಂದು, ತ್ರೀಡಿ ಮಾಡಿಕೊಡಿ ಎಂದಿದ್ದರು. ಅದರಲ್ಲಿ ಅಣ್ಣನ ಎಡಭಾಗ ಕಂಬದ ಮರೆಯಲ್ಲಿದೆ. ತ್ರೀಡಿ ಚಿತ್ರದ ಮೇಲಿನ ಗೆರೆಗೆರೆಯ ಪ್ಲಾಸ್ಟಿಕ್ ಹಾಳೆಯನ್ನು ಓರೆ ಮಾಡಿದಾಗ ಮರೆಯಲ್ಲಿರುವುದೂ ಇಣುಕಬೇಕಲ್ಲ, ಅದಕ್ಕೆ ಕಂಬದ ಹಿಂದೆ ನಾನೇ ಒಂದು ಕೈ ಬರೆದೆ.

ಇವತ್ತು ನನ್ನ ಸ್ಟುಡಿಯೊದಲ್ಲಿ ಆ ಚಿತ್ರವನ್ನು ಆಚೀಚೆ ಓರೆ ಮಾಡಿ ನೋಡಿದ ಅವರು, "ಈ ಕೈ ಎಲ್ಲಿಂದ ಬಂತಪ್ಪ? ನಮ್ಮಣ್ಣಂಗೆ ಎಡಗೈ ಇರ್ನಿಲ್ಲ. ಕಬ್ಬಿನ ಗಾಣಕ್ಕೆ ಸಿಕ್ಕಿ ಓಗಿತ್ತು" ಎಂದರು.

"ಇರ್ಲಿ ಬುಡಿ ಅಮ್ಮ, ನೋಡೋಕೆ ಚೆನ್ನಾಗದೆ" ಎಂದೆ.

"ಬ್ಯಾಡ, ತೆಗಿ. ಒಂದೇ ಕೈಲಿ ನನ್ನ ಎತ್ತಿ ಆಡಿಸ್ದೋನು ಅವ್ನು."

ಸಂಜೆ ಕೈ ಅಳಿಸಿದೆ. ಅಂಗಿಯ ಖಾಲಿ ತೋಳು ಹೇಗೆ ಜೋಲುತ್ತದೆಂದು ತಿಳಿಯಲು ನನ್ನ ಅಂಗಿಯನ್ನೇ ಮೊಳೆಗೆ ತೂಗುಹಾಕಿ ನೋಡುತ್ತಾ ಕೂತೆ. ಕೈ ಬರೆದಷ್ಟು ಸುಲಭವಲ್ಲ ಅದು.