ಮಚ್ಚೆಕಾಳು ಬಿತ್ತಬೇಡ

ಜನವರಿ ೧೯, ಮಂಗಳವಾರ, ಮಧ್ಯಾಹ್ನ

ನನ್ನ ಮೆಣಸಿನಕಾಯಿಗೆ,

ಭಾವ ಈ ವಯಸ್ಸಿನಲ್ಲಿ ಕಾಗದ ಬರೆಯುತ್ತಿದ್ದಾರಲ್ಲ ಎಂದು ನಗಬೇಡ. ಮೊನ್ನೆ ನೀನು ಫೋನ್ ಮಾಡಿದಾಗಲೇ ಹೇಳಬೇಕಿತ್ತು, ನಾಲಿಗೆ ಏಳಲಿಲ್ಲ. ಮೊದಲು ಮುಖ್ಯವಾದದ್ದು: ನಾನು ಕಳಿಸಿದ ಕಾಳನ್ನು ಬಿತ್ತಬೇಡ. ಅದು ನಿಮ್ಮಮ್ಮನ ಮಚ್ಚೆಕಾಳಲ್ಲ.

ಈಗ ಕಾರಣ ಹೇಳಬೇಕು. ಕಾಲೇಜಿನಲ್ಲಿ ನಮ್ಮ ಇಂಗ್ಲಿಷ್ ಮೇಷ್ಟ್ರು ‘ಕಮ್ ಟು ದಿ ಪಾಯಿಂಟ್’ ಎಂದು ನನ್ನ ಪೇಪರಿನ ತುಂಬ ಬರೆಯುತ್ತಿದ್ದರು. ನಾನು ಯಾವತ್ತೂ ಬಂದವನಲ್ಲ.

ನಿನ್ನ ಅಕ್ಕನಿಗೆ ಚಳಿಗಾಲ ಬಂತೆಂದರೆ ಬೀಜದ ಕ್ಯಾಟಲಾಗೇ ಹಬ್ಬ. ಕಿಟಕಿಯ ಪಕ್ಕ ಕುರ್ಚಿ ಎಳೆದುಕೊಂಡು, ಕಾಲಿಗೆ ಕಂಬಳಿ ಸುತ್ತಿ, ಕೆಂಪು ಪೆನ್ಸಿಲಿನಿಂದ ಗುರುತು ಹಾಕುತ್ತಾ ಕೂತರೆ ಒಲೆಯ ಮೇಲೆ ಹಾಲು ಉಕ್ಕಿದರೂ ಕೇಳಿಸುತ್ತಿರಲಿಲ್ಲ. ನಲವತ್ತು ಜಾತಿಗೆ ಗುರುತು, ಕೊನೆಗೆ ತರಿಸುವುದು ಮೂರು. “ಇರೋದು ಎರಡು ಮಾರು ಹಿತ್ತಲು, ಏನು ಅರಮನೆ ತೋಟ ಮಾಡ್ತೀಯಾ?” ಎಂದು ರೇಗಿಸುತ್ತಿದ್ದೆ. “ನೋಡೋದಕ್ಕೂ ಜಾಗ ಬೇಕೇನ್ರೀ?” ಎನ್ನುತ್ತಿದ್ದಳು, ತಲೆ ಎತ್ತದೆ.

ಆದರೆ ಮಚ್ಚೆಕಾಳು ಯಾವ ಕ್ಯಾಟಲಾಗಿನಲ್ಲೂ ಇರಲಿಲ್ಲ. ಕೆಂಗಂದು ಬಣ್ಣ, ಕಣ್ಣಿನ ಹತ್ತಿರ ಬಿಳಿ ಮಚ್ಚೆ, ಮಾಡಿನವರೆಗೂ ಹಬ್ಬುವ ಬೀನ್ಸ್. ನಿಮ್ಮಮ್ಮ ಇಬ್ಬರಿಗೂ ಹಂಚಿ ಕೊಟ್ಟಿದ್ದು ಯಾಕೆಂದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಒಬ್ಬಳ ಬಳ್ಳಿ ಕೆಟ್ಟರೆ ಇನ್ನೊಬ್ಬಳು ಕೊಡಬೇಕು, ಅಷ್ಟೇ. ಈ ಸಲ ನಿನ್ನದು ಕೊಳೆತುಹೋಯಿತು. ‘ಭಾವ, ಅಕ್ಕ ಎತ್ತಿಟ್ಟದ್ದರಲ್ಲಿ ಒಂದು ಹಿಡಿ ಕಳಿಸಿ’ ಎಂದು ನೀನು ಬರೆದೆ. ಆ ಹೊತ್ತಿಗೆ ಅದು ನನ್ನ ಹೊಟ್ಟೆ ಸೇರಿ ಎರಡು ತಿಂಗಳಾಗಿತ್ತು. ಹೌದು, ಗೊತ್ತಿಲ್ಲದೆ ಬೇಯಿಸಿಕೊಂಡು ತಿಂದೆ. ಒಬ್ಬಂಟಿ ಗಂಡಸಿನ ಅಡುಗೆಮನೆ, ಕೈಗೆ ಸಿಕ್ಕ ಡಬ್ಬಿ.

ಆಗಲೇ ಒಪ್ಪಿಕೊಂಡಿದ್ದರೆ ನೀನು ನಾಲ್ಕು ಬೈದು ಮುಗಿಸುತ್ತಿದ್ದೆ. ನಾನು ‘ಹುಡುಕುತ್ತಿದ್ದೇನೆ’ ಎಂದು ಉತ್ತರ ಬರೆದು, ಅವಳ ಕ್ಯಾಟಲಾಗುಗಳನ್ನು ಕೆಳಗಿಳಿಸಿದೆ. ಹೋಲುವ ಕಾಳು ಸಿಕ್ಕರೆ ಸಾಕು, ದಾಟಿಸಿಬಿಡೋಣ ಎಂಬ ಲೆಕ್ಕ.

ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ. ಮೋಸಕ್ಕೆಂದು ತೆರೆದವನು ಮೂರು ವಾರ ಮೇಲೇಳಲಿಲ್ಲ. ಅದೇ ಕುರ್ಚಿ, ಅದೇ ಕಂಬಳಿ. ಊದಾ ಬಣ್ಣದ ಕ್ಯಾರೆಟ್ಟಂತೆ, ಪಟ್ಟೆ ಪಟ್ಟೆ ಟೊಮೆಟೊವಂತೆ, ಮಗುವಿನಷ್ಟು ತೂಕದ ಕುಂಬಳವಂತೆ! ‘ವಿಗರಸ್’, ‘ಪ್ರೊಲಿಫಿಕ್’ ಎಂಬ ಪದಗಳಿಗೆ ಡಿಕ್ಷನರಿ ತೆಗೆದೆ. ಹಾಗಲದ ಪಕ್ಕ ಅವಳು ‘ಇವರು ಮೂಗು ಮುರೀತಾರೆ, ಆದರೂ’ ಎಂದು ಬರೆದಿದ್ದಳು. ಒಬ್ಬನೇ ಜೋರಾಗಿ ನಕ್ಕೆ. ಅವಳಿದ್ದಾಗ ಒಂದು ದಿನವೂ ಪಕ್ಕದಲ್ಲಿ ಕೂತು ನೋಡದವನು, ಅವಳ ತಂಗಿಗೆ ಟೋಪಿ ಹಾಕಲು ಕೂತು ಸುಖಪಟ್ಟೆ.

ಕೊನೆಗೆ ಒಂದು ಸಿಕ್ಕಿತು. ತದ್ರೂಪು. ತರಿಸಲು ಫೋನ್ ಮಾಡಿದರೆ ಅಂಗಡಿಯಾಕೆ, “ಸಾರ್, ಇದು ಕುಳ್ಳು ಜಾತಿ, ಮೊಣಕಾಲು ದಾಟಲ್ಲ. ಚಪ್ಪರ ಹಾಕಿ ಕಾಯ್ತಾ ಕೂತ್ಕೋಬೇಡಿ” ಎಂದಳು. ಆದರೂ ತರಿಸಿದೆ. ನಿನ್ನ ಅಕ್ಕನ ಮೇಜಿನಲ್ಲಿ ಹಳೆಯ ಖಾಲಿ ಕವರೊಂದಿತ್ತು, ಮೇಲೆ ‘ಅಮ್ಮನ ಮಚ್ಚೆಕಾಳು’ ಎಂದು ಅವಳದೇ ಅಕ್ಷರ. ಅದರೊಳಗೆ ಸುರಿದು, ಅಂಟಿಸಿ, ನಿನಗೆ ಕಳಿಸಿದೆ. ಅವಳ ಕೈಬರಹದಿಂದ ಸುಳ್ಳು ಹೇಳಿಸಿದೆ, ಮೆಣಸಿನಕಾಯಿ.

ಮೊನ್ನೆ ನೀನು ಫೋನಿನಲ್ಲಿ, “ಭಾವ, ಅಕ್ಕನ ಅಕ್ಷರ ನೋಡಿ ಕವರ್ ಒಡೆಯೋಕೆ ಮನಸ್ಸೇ ಬರ್ತಿಲ್ಲ. ನೀವೂ ಒಂದಿಷ್ಟು ಇಟ್ಕೊಂಡಿದ್ದೀರಿ ತಾನೆ? ಇಲ್ಲದಿದ್ರೆ ಅರ್ಧ ವಾಪಸ್ ಕಳಿಸ್ತೀನಿ, ಎರಡು ಮನೇಲೂ ಇರ್ಬೇಕು” ಎಂದೆ. ನಾನು “ಇದೆ ಇದೆ” ಎಂದೆ.

ಇಲ್ಲ. ಎಲ್ಲೂ ಇಲ್ಲ. ಅವಳು ಯಾರಿಗಾದರೂ ಕೊಟ್ಟಿದ್ದಾಳೇನೋ ಎಂದು ಬೀದಿಯ ಎರಡೂ ಬದಿಯ ಮನೆಗಳಲ್ಲಿ ಕೇಳಿ ಬಂದೆ. ಹಿಂದಿನ ಬೀದಿಯ ದರ್ಜಿಯಮ್ಮನಿಗೆ ಕೊಟ್ಟಿದ್ದಳಂತೆ. ಅವರ ಕೋಳಿಗಳು ಕೆದಕಿ ತಿಂದುಹಾಕಿದವಂತೆ. ನಿಮ್ಮಮ್ಮನ ಕಾಳು ನನ್ನ ಕೈಯಲ್ಲಿ ಮುಗಿಯಿತು.

ಕವರ್ ನಿನ್ನ ಹತ್ತಿರವೇ ಇರಲಿ, ಅಕ್ಷರ ಅವಳದು. ಒಳಗಿನದನ್ನು ಎಸೆದುಬಿಡು. ನನ್ನನ್ನು ಬೈ. ಬಂದು ಬೈದರೆ ಇನ್ನೂ ಒಳ್ಳೆಯದು.

ಮುಖ ತೋರಿಸಲಾರದ,
ನಿನ್ನ ಭಾವ

ಮರೆತದ್ದು: ಮರೆತದ್ದಲ್ಲ, ಬರೆಯದೆ ಬಿಟ್ಟದ್ದು. ಗೊತ್ತಿಲ್ಲದೆ ತಿಂದೆ ಎಂದೆನಲ್ಲ, ಅದೂ ಸುಳ್ಳು. ಡಬ್ಬಿಯ ಮೇಲೆ ಚೀಟಿ ಇತ್ತು: ‘ಮುಂದಿನ ವರ್ಷದ ಬೀಜ. ರೀ, ಮುಟ್ಟಬೇಡಿ.’ ಓದಿದೆ. ಅವಳು ಹೋಗಿ ಇಪ್ಪತ್ತನೆಯ ದಿನ. ಮುಂದಿನ ವರ್ಷಕ್ಕೆ ಕಾಳು ಎತ್ತಿಟ್ಟವಳು ತಾನೇ ಎದ್ದು ಹೋದಳಲ್ಲ ಎಂದು ಎಲ್ಲಿಲ್ಲದ ಸಿಟ್ಟು ಬಂತು. ನೆನೆಹಾಕಿದೆ, ಬೇಯಿಸಿದೆ, ಉಪ್ಪು ಹಾಕಿ ಒಂದು ಕಾಳೂ ಬಿಡದೆ ತಿಂದೆ. ರುಚಿಯಾಗಿತ್ತು.